ಮೂವತ್ತೆರಡನೆಯ ವಾಲ್ವ್

ನೀಲವ್ವನ ಕೈಲಿ ಆಗುವುದಿಲ್ಲ ಎಂದು ಮೊದಲು ಹೇಳಿದವನು ಅವಳ ಭಾವ. ಗಂಡ ತೀರಿಕೊಂಡ ಮೇಲೆ ಗದಗಿನ ಪಂಪ್‌ಸೆಟ್ ರಿಪೇರಿ ಅಂಗಡಿಯನ್ನು ತಾನೇ ನಡೆಸುತ್ತೇನೆ ಎಂದಳು. ಅವನು ಕೂತ ಕಟ್ಟೆಯಿಂದ ಏಳದೆಯೇ ಹೇಳಿದ.

"ಮೋಟಾರ್ ಬಿಚ್ಚೂದು ಅಂದ್ರ ರೊಟ್ಟಿ ಬಡಿದಂಗಲ್ಲವ್ವ."

ಇಪ್ಪತ್ತು ವರ್ಷ ನಡೆಸಿದಳು. ಪಂಪಿನ ಡಬ್ಬಿಯೊಳಗೆ ಬರುವ ಕಾಗದಗಳನ್ನು ಹಿಡಿದು ಅಕ್ಷರ ಕೂಡಿಸಲು ಕಲಿತಳು. ಅಕ್ಷರ ಕೂಡಿದ ಮೇಲೆ ಕೈಗೆ ಸಿಕ್ಕಿದ್ದನ್ನೆಲ್ಲ ಓದಿದಳು. ಓದುತ್ತ ಓದುತ್ತ, ಅಂಗಡಿಯಲ್ಲಿ ಉತ್ತರ ಸಿಗದ ಪ್ರಶ್ನೆಗಳು ಹೆಚ್ಚಾದವು. ಒಂದು ದಿನ ಬೀಗದಕೈಯನ್ನು ಮಗಳ ಕೈಗೆ ಕೊಟ್ಟು, ಉತ್ತರದ ಬೆಟ್ಟದಲ್ಲಿದ್ದ, ಎಲ್ಲರೂ ಅಜ್ಜ ಎಂದೇ ಕರೆಯುವ ಸ್ವಾಮಿಗಳ ಆಶ್ರಮಕ್ಕೆ ಬಂದಳು.

ಎರಡನೆಯ ಸಲ ಹೇಳಿದವನು ಆಶ್ರಮದ ಹಿರಿಯ ಶಿಷ್ಯ ಗುರುಪಾದಯ್ಯ. ಬಾಗಿಲಲ್ಲೇ ನಿಲ್ಲಿಸಿ ಹೇಳಿದ.

"ಇಲ್ಲಿ ಹೊಳಿ ಸುದ್ದಾ ಹೆಪ್ಪುಗಟ್ಟತೈತಿ, ತಾಯಿ. ಹೆಂಗಸರ ಕಡಿಂದ ಆಗೂದಲ್ಲ."

"ಹೊಳೀನೂ ಹೆಣ್ಣ ಅಲ್ಲೇನ್ರಿ? ಅಕಿ ಬಿಟ್ಟು ಹೋಗ್ಯಾಳೇನು?"

ಒಳಗಿನಿಂದ ಅಜ್ಜ ನಕ್ಕದ್ದು ಕೇಳಿಸಿತು. ನೀಲವ್ವನಿಗೆ ಸಾಲಿನ ಕಡೆಯ ಕೋಣೆ ಸಿಕ್ಕಿತು. ನದಿಯ ಗಾಳಿ ಮೊದಲು ಬಡಿಯುವ ಕೋಣೆ.

ಅಜ್ಜ ಎಷ್ಟೋ ವರ್ಷಗಳ ಹಿಂದೆ ಗದಗಿನ ಕಡೆಯಿಂದಲೇ ಬಂದು ಆ ದಂಡೆಯಲ್ಲಿ ಕೂತವರು. ಹಿಂದಿನಿಂದ ಬಂದವರೂ ಹೆಚ್ಚಾಗಿ ಆ ಕಡೆಯವರೇ. ಈಗ ಅಜ್ಜನ ಗುಡಿಸಲಿನ ಪಕ್ಕ ಸಾಲಾಗಿ ಮೂವತ್ತೆರಡು ಕೋಣೆ, ಮೂವತ್ತೆರಡು ಶಿಷ್ಯರು.

ಚಳಿಗೆಂದು ಯಾರೋ ಭಕ್ತರು ಬಿಸಿನೀರಿನ ಪೈಪು ಹಾಕಿಸಿಕೊಟ್ಟಿದ್ದರು. ಹಿತ್ತಲಲ್ಲಿ ಕಟ್ಟಿಗೆ ಉರಿಸುವ ಬಾಯ್ಲರು. ಅಲ್ಲಿಂದ ಒಂದು ಪಂಪು ಬಿಸಿನೀರನ್ನು ಗೋಡೆಗುಂಟ ತಳ್ಳುತ್ತಿತ್ತು. ನೀರು ಪ್ರತಿ ಕೋಣೆಯ ಕಬ್ಬಿಣದ ಹೀಟರಿನೊಳಗೆ ಹೊಕ್ಕು, ಕೋಣೆಯನ್ನು ಬೆಚ್ಚಗೆ ಮಾಡಿ, ತಿರುಗಿ ಬಾಯ್ಲರಿಗೆ ಬರುತ್ತಿತ್ತು. ಪ್ರತಿ ಹೀಟರಿಗೂ ನೀರನ್ನು ಬಿಡುವ, ತಡೆಯುವ ಒಂದು ವಾಲ್ವ್, ವಾಲ್ವಿಗೊಂದು ಹಿಡಿಕೆ.

ಶಿಷ್ಯರು ಒಂದು ಪದ್ಧತಿ ಇಟ್ಟುಕೊಂಡಿದ್ದರು. ಬೆಳಿಗ್ಗೆ ಧ್ಯಾನದ ಗಂಟೆ ಬಾರಿಸಿದ ಕೂಡಲೆ ಪ್ರತಿಯೊಬ್ಬರೂ ತಮ್ಮ ವಾಲ್ವ್ ಮುಚ್ಚಿ, ಬೆಚ್ಚಗಿನ ಸುಖವನ್ನು ಕೋಣೆಯಲ್ಲೇ ಬಿಟ್ಟು, ಹೀಟರಿಲ್ಲದ ಧ್ಯಾನದ ಹಾಲಿಗೆ ಹೋಗಿ ಕೂರುವರು. ಎರಡು ತಾಸಿನ ಮೇಲೆ ಬಂದು ಮತ್ತೆ ತೆರೆಯುವರು. ನೀಲವ್ವನೂ ಮೊದಲ ದಿನದಿಂದ ಹಾಗೆಯೇ ಮಾಡಿದಳು. ಒಂದು ದಿನವೂ ಅವಳ ಹಿಡಿಕೆ ಇನ್ನೊಬ್ಬರದಕ್ಕಿಂತ ತಡವಾಗಿ ತಿರುಗಲಿಲ್ಲ.

ಆ ಪೈಪುಗಳು ಸದ್ದು ಮಾಡುತ್ತಿದ್ದವು.

ಹಗಲೆಲ್ಲ ಟಿಕ್ ಟಿಕ್. ನಡುವೆ ಗುಳುಗುಳು. ಮತ್ತೆ ದಿನಾ ಬೆಳಿಗ್ಗೆ ಧ್ಯಾನದ ಹೊತ್ತಿಗೆ ಸರಿಯಾಗಿ, ಯಾರೋ ಸುತ್ತಿಗೆಯಿಂದ ಬಾರಿಸಿದಂತೆ ಧಡ್ ಎಂದು ಒಂದು ಏಟು. ಅದರ ಹಿಂದೆ ಎರಡು ತಾಸು ಗುರ್ ಎನ್ನುವ ನರಳಾಟ.

"ನಿಮಗ ಪಂಪಿನ ಕೆಲಸ ಗೊತ್ತಂತಲ್ಲ," ಎಂದ ಗುರುಪಾದಯ್ಯ. "ಹುಣ್ಣಿವಿಂದ ನಲವತ್ತು ದಿನ ಮಹಾಮೌನ. ಅಷ್ಟರೊಳಗ ಸದ್ದು ನಿಂದರಬೇಕು. ಇಲ್ಲಂದ್ರ ಕೆಳಗಿಂದ ಒಬ್ಬ ಮೇಸ್ತ್ರಿ ಕರಸ್ತೀನಿ. ಹಿಮ ಬೀಳೂಕಿಂತ ಮೊದಲು, ಹುಣ್ಣಿವಿ ದಿನಾನ ಬರೂ ಕಡೀ ಬಸ್ಸಿನಾಗ ಅವ ಬರತಾನ. ಅವಗ ಒಂದು ಕೋಣಿ ಬೇಕಾಗತೈತಿ."

"ಯಾರ ಕೋಣಿ?"

"ಅದಾ ಬಸ್ಸು ತಿರುಗಿ ಹೋಗತೈತಲ್ಲ, ತಾಯಿ."

ನೀಲವ್ವ ಅಜ್ಜನ ಕಡೆ ನೋಡಿದಳು. ಅಜ್ಜ ಹುರಿದ ಶೇಂಗಾ ಸುಲಿಯುತ್ತಲೇ ಇದ್ದರು.

ಹುಣ್ಣಿಮೆಗೆ ಒಂಬತ್ತು ದಿನ ಇತ್ತು.

ಅವಳು ಸಿಟ್ಟಿನಲ್ಲೇ ಕೆಲಸಕ್ಕೆ ಕೈ ಹಾಕಿದಳು. ಪೈಪು ಬಿಸಿಯಾದಾಗ ಒಂದಿಷ್ಟು ಉದ್ದವಾಗುತ್ತದೆ, ಗೋಡೆಯ ತೂತಿಗೂ ಕ್ಲಾಂಪಿಗೂ ತಿಕ್ಕಿ ಟಿಕ್ ಎನ್ನುತ್ತದೆ. ಕ್ಲಾಂಪುಗಳನ್ನು ಸಡಿಲಿಸಿ, ಹರಿದ ಕಂಬಳಿಯ ತುಂಡು ಹೊಂದಿಸಿದಳು. ಟಿಕ್ ಟಿಕ್ ನಿಂತಿತು. ಒಂದೊಂದು ಹೀಟರಿನ ತಲೆಯ ಸ್ಕ್ರೂ ಬಿಚ್ಚಿ, ಒಳಗೆ ಸಿಕ್ಕಿಕೊಂಡ ಗಾಳಿಯನ್ನು ಸುಯ್ಯೆಂದು ಹೊರಗೆ ಬಿಟ್ಟಳು. ಗುಳುಗುಳು ನಿಂತಿತು. ಬಾಯ್ಲರ್ ಆರಿಸಿ, ತಳದಲ್ಲಿ ಕೂತ ಸುಣ್ಣದ ಕೆಸರನ್ನು ಬಕೆಟ್‌ಗಟ್ಟಲೆ ಹೊರಗೆ ಹೊತ್ತಳು.

ಮರುದಿನ ಬೆಳಿಗ್ಗೆ ಗಂಟೆ ಬಾರಿಸಿತು.

ಧಡ್.

ಹಾಲಿನಲ್ಲಿ ಕೂತ ಮೇಲೆ, ಅದರ ಹಿಂದಿನ ನರಳಾಟ ಕೇಳುತ್ತ, ಗುರುಪಾದಯ್ಯ ಕಣ್ಣು ತೆರೆಯದೆ ಮುಗುಳ್ನಕ್ಕ. ನೀಲವ್ವ ಅದನ್ನು ನೋಡಿದಳು, ಯಾಕೆಂದರೆ ಅವಳು ಕಣ್ಣು ಮುಚ್ಚಿರಲಿಲ್ಲ.

ಆ ದಿನ ಅವಳು ನದಿಯ ದಂಡೆಗೆ ಹೋಗಿ, ಬಿಸಿಲು ಕಾಯಿಸಿಕೊಳ್ಳುತ್ತ ಕೂತಿದ್ದ ಅಜ್ಜನ ಮುಂದೆ ಸ್ಪ್ಯಾನರನ್ನು ಕಲ್ಲಿನ ಮೇಲೆ ಎಸೆದಳು.

"ಅಜ್ಜಾರ, ತಿಕ್ಕಿದೆ, ತೊಳದೆ, ಗಾಳಿ ತಗದೆ. ಆ ಸುಡುಗಾಡು ಸದ್ದು ಹೋಗವಲ್ದು."

"ಯಾವಾಗ ಬರತೈತಿ?"

"ಗಂಟಿ ಹೊಡದ ಕೂಡ್ಲೆ."

"ಆವಾಗ ಬಾಯ್ಲರಿನ ಮುಖ ಹೆಂಗಿರತೈತಿ?"

"ನಾ ಹೆಂಗ ನೋಡ್ಲಿ? ಆವಾಗ ನಾ ಕೋಣಿಯೊಳಗ ವಾಲ್ವ್ ಮುಚ್ಚತಿರತೀನಿ. ಆಮ್ಯಾಲ ಹಾಲಿಗೆ ಓಡತೀನಿ."

ಅಜ್ಜ ಸ್ಪ್ಯಾನರನ್ನು ಎತ್ತಿ, ಅದಕ್ಕೆ ಹತ್ತಿದ ಮರಳನ್ನು ಧೋತರದ ಅಂಚಿನಿಂದ ಒರೆಸಿದರು.

"ಅಂದ್ರ ರೋಗಿ ನರಳೂ ಹೊತ್ತಿನಾಗ ಡಾಕ್ಟರು ಪೂಜಿಗೆ ಕುಂತಿರತಾರ."

ನೀಲವ್ವ ಬಾಯ್ಲರಿನ ಹೊಗೆಯ ಕಡೆ ತಿರುಗಿ ನೋಡಿದಳು.

"ನಾಳೆ ಗಂಟಿ ಹೊಡದಾಗ ಬಾಯ್ಲರ್ ಹತ್ರ ನಿಂದ್ರು."

"ಧ್ಯಾನಕ್ಕ ತಪ್ಪಿಸಿಕೊಳ್ಳಲೇನು? ಬಂದಾಗಿಂದ ಒಂದ ದಿನಾನೂ ತಪ್ಪಿಸಿಲ್ಲ ನಾ."

"ಅದಕ್ಕ ಸದ್ದು ಸಿಕ್ಕಿಲ್ಲ," ಎಂದು ಅಜ್ಜ ಸ್ಪ್ಯಾನರನ್ನು ಅವಳ ಕೈಗೆ ಕೊಟ್ಟರು.

ಆದರೂ ಅವಳು ಆರು ದಿನ ಹೋಗಲಿಲ್ಲ. ಧ್ಯಾನಕ್ಕೆ ತಪ್ಪಿಸಿಕೊಂಡ ಹೆಂಗಸು ಅನ್ನಿಸಿಕೊಳ್ಳುವುದಕ್ಕಿಂತ ಬಿಚ್ಚಿದ ಪಂಪನ್ನು ಮತ್ತೊಮ್ಮೆ ಬಿಚ್ಚುವುದು ಸುಲಭವಾಗಿತ್ತು. ಆರು ದಿನವೂ ಧಡ್ ಎಂದಿತು.

ಹುಣ್ಣಿಮೆಯ ಹಿಂದಿನ ಬೆಳಿಗ್ಗೆ, ಬೇರೆ ದಾರಿಯಿಲ್ಲದೆ, ಬಾಯ್ಲರಿನ ಹತ್ತಿರ ಹೋಗಿ ನಿಂತಳು. ಬರುವ ಮೊದಲು ತನ್ನ ವಾಲ್ವ್ ಮುಚ್ಚಿಯೇ ಬಂದಿದ್ದಳು. ಅದನ್ನು ಬಿಟ್ಟು ಬರುವ ಪ್ರಶ್ನೆಯೇ ಇರಲಿಲ್ಲ.

ಪೈಪಿನ ಮೇಲೆ ಕೈ ಇಟ್ಟಳು. ನೀರು ಸಮಾಧಾನವಾಗಿ ಹರಿಯುತ್ತಿತ್ತು.

ಗಂಟೆ ಬಾರಿಸಿತು.

ಸಾಲಿನ ಉದ್ದಕ್ಕೂ ಮೂವತ್ತೊಂದು ಹಿಡಿಕೆಗಳು ಒಂದೇ ಉಸಿರಿಗೆ ತಿರುಗಿದವು. ಓಡುತ್ತಿದ್ದ ನೀರು ಎಲ್ಲ ಕಡೆಯಿಂದ ಮುಚ್ಚಿದ ಬಾಗಿಲಿಗೆ ಬಡಿಯಿತು. ಪೈಪು ಅವಳ ಅಂಗೈಯಲ್ಲಿ ಕುದುರೆಯಂತೆ ಒದೆಯಿತು. ಒತ್ತಡ ತೋರಿಸುವ ಮುಳ್ಳು ಕೆಂಪು ಗೆರೆಯ ಹತ್ತಿರಕ್ಕೆ ಹಾರಿತು. ಪಂಪು ಮುಂದಕ್ಕೆ ತಳ್ಳಲು ದಾರಿ ಸಿಗದೆ ಗುರ್ ಎಂದು ನರಳಿತು. ಬಾಯ್ಲರಿನೊಳಗೆ, ಎಲ್ಲಿಗೂ ಹೋಗಲಾರದ ನೀರು ಕುದಿಯತೊಡಗಿತು.

ನೀಲವ್ವ ಓಡಿಹೋಗಿ ತನ್ನ ವಾಲ್ವ್ ತೆರೆದಳು. ನರಳಾಟ ನಿಂತಿತು.

ಅಲ್ಲಿಂದ ಹಾಲಿಗೆ ಹೋಗಿ, ಕಣ್ಣು ಮುಚ್ಚಿ ಕೂತ ಅಷ್ಟೂ ಜನರ ನಡುವೆ ಕೂಗಿದಳು.

"ಎಲ್ಲಾರೂ ಕೂಡಿ ಪೈಪಿನ ಕುತ್ತಿಗಿ ಹಿಸುಕಾಕತ್ತೀರಿ!"

ಮೂವತ್ತೊಂದು ಜೊತೆ ಕಣ್ಣು ತೆರೆದವು.

"ನೀರಿಗೆ ತಿರುಗಿ ಬರಾಕ ಒಂದು ದಾರಿ ಬೇಕ್ರಿ. ಎಲ್ಲಾರೂ ಮುಚ್ಚಿದ್ರ ಅದು ಎಲ್ಲಿಗೆ ಹೋಗಬೇಕು? ಒಂದಿಲ್ಲ ಒಂದು ದಿನ ಬಾಯ್ಲರ್ ಒಡಿತೈತಿ!"

"ಹಂಗಾದ್ರ ಪಂಪ್ ಬಂದ್ ಮಾಡ್ರಿ," ಎಂದ ಗುರುಪಾದಯ್ಯ, ಕೂತಲ್ಲಿಂದಲೇ.

"ಪಂಪಿಗೆ ಬಂದ್ ಮಾಡಾಕ ಗುಂಡಿ ಐತ್ರಿ. ಒಲಿಯಾಗಿನ ಕಟ್ಟಿಗಿಗೆ ಗುಂಡಿ ಐತೇನು? ನೀರು ನಿಂತಲ್ಲೇ ಕುದಿತೈತಿ. ಬಾಯ್ಲರ್ ಹತ್ರ ಸುತ್ತು ಪೈಪ್ ಒಂದು ಹಾಕಿದ್ರ ಆತು, ಆದ್ರ ಆ ಸಾಮಾನು ತರಾಕ ಪ್ಯಾಟಿಗೆ ಹೋಗಿ ಬರೂದ್ರಾಗ ಹಿಮ ಬೀಳತೈತಿ. ಈ ವರ್ಷದ ಮಟ್ಟಿಗೆ, ನೀರು ಪೂರಾ ಸುತ್ತು ಹಾಕಿ ಬರೂ ಹಂಗ, ಸಾಲಿನ ತುದಿಗೆ ಇರೂ ನಾಕು ಕೋಣ್ಯಾಗ ಯಾರರ ಒಬ್ಬರು ವಾಲ್ವ್ ತೆರದಿಡಬೇಕು. ಒಬ್ಬರು ಸಾಕು."

"ಅಂದ್ರ ಒಬ್ಬರು ತ್ಯಾಗ ಮಾಡಬಾರದು."

"ಹೂಂನ್ರಿ."

"ಬಾಯ್ಲರ್ ಸಲುವಾಗಿ."

"ಹೂಂನ್ರಿ!"

ಗುರುಪಾದಯ್ಯ ಮತ್ತೆ ಕಣ್ಣು ಮುಚ್ಚಿದ. ಅವನ ಹಿಂದೆ ಉಳಿದವರೂ ಮುಚ್ಚಿದರು.

ಧ್ಯಾನ ಮುಗಿದ ಮೇಲೆ ಅವಳು ಒಂದೊಂದೇ ಬಾಗಿಲು ಬಡಿದಳು.

ಇಪ್ಪತ್ತೊಂಬತ್ತನೆಯ ಕೋಣೆ ಅಡುಗೆಯ ರಾಚಪ್ಪನದು.

"ನನ್ನ ಬಾಗಲ ಮುಂದ ಎಲ್ಲಾರೂ ಹಾಯ್ತಾರವ್ವ. ಒಳಗಿಂದ ಬೆಚ್ಚಗಿನ ಗಾಳಿ ಬಂದ್ರ ಏನಂದಾರು? ಅಡಗಿ ಮಾಡಾವ, ಬೆಂಕಿ ಬಿಟ್ಟು ಇರಲಾರ ಅಂತಾರ."

ಮೂವತ್ತನೆಯದು ರಿಟೈರ್ ಆದ ಮಾಸ್ತರರದು. ಚಳಿ ಬಿದ್ದಾಗಿನಿಂದ ಅವರಿಗೆ ಕೆಮ್ಮು.

"ಮಾಸ್ತರ, ನಿಮ್ಮ ಎದಿಗೂ ಚಲೋ."

ಅವರು ಕೆಮ್ಮಿ ಮುಗಿಸಲು ಸ್ವಲ್ಪ ಹೊತ್ತು ಹಿಡಿಯಿತು. "ಹೋದ ವರ್ಷ ಬಿಟ್ಟೀನಿ. ಬಿಟ್ಟದ್ದನ್ನ ತಿರುಗಿ ಹಿಡದ್ರ ಈ ವಯಸ್ಸಿನಾಗ ನನ್ನ ಹತ್ರ ಉಳೀತೇನು?"

ಮೂವತ್ತೊಂದನೆಯದರಲ್ಲಿ ಕಲ್ಲಪ್ಪ. ಹಿಂದೆ ಪೋಲೀಸ್ ಕೆಲಸದಲ್ಲಿದ್ದವನು.

"ಬರದು ಕೊಡ್ರಿ," ಎಂದ.

"ಏನು?"

"ಅಜ್ಜಾರ ಅಪ್ಪಣಿ ಅಂತ. ಬಾಗಲಿಗೆ ಅಂಟಿಸಿಕೊಂಡು ತೆರದಿಡತೀನಿ."

ನೀಲವ್ವ ಬುಸುಗುಡುತ್ತ ಅಜ್ಜನ ಹತ್ತಿರ ಹೋದಳು.

"ಈ ಪದ್ಧತಿ ನೀವ್ ಹಾಕಿದ್ದೇನ್ರಿ?"

"ಇಲ್ಲ. ಒಂದು ವರ್ಷ ಒಬ್ಬ ಮುಚ್ಚಿದ. ಮರುದಿನ ಅವನ ಬಾಜೂದಾವ ಮುಚ್ಚಿದ."

"ಹಂಗಾದ್ರ ನಿಲ್ಲಸ್ರಿ. ಒಂದು ಮಾತು ಹೇಳ್ರಿ, ಸಾಕು."

"ಹೀಟರ್ ಮುಚ್ಚಬ್ಯಾಡ್ರಿ ಅಂತ ಇವತ್ತು ಹೇಳಿದ್ರ, ನಾಳೆ ಕಂಬಳಿ ಬಿಡತಾರ. ನಾಡಿದ್ದು ಊಟ. ಅಲ್ಲಿಂದ ಮುಂದ ಏನ್ ಬಿಡತಾರ ಅಂತ ನನಗ ಅಂಜಿಕಿ."

"ಮೂರೂ ಮಂದೀನ ಕೇಳಿದೆ, ಅಜ್ಜಾರ. ಒಬ್ಬರೂ ಒಪ್ಪವಲ್ರು. ಒಬ್ಬಗ ಬಾಗಲದ ಚಿಂತಿ, ಒಬ್ಬಗ ಬಿಟ್ಟದ್ದರ ಚಿಂತಿ, ಒಬ್ಬಗ ಕಾಗದ ಬೇಕು! ಮರ್ಯಾದಿ ಮರ್ಯಾದಿ ಅಂತ ಸಾಯಾಕತ್ತಾರ. ಇವರು ಬಿಟ್ಟದ್ದರ ಏನು?"

"ತುದಿಗೆ ನಾಕು ಕೋಣಿ ಅಂದಿಯಲ್ಲ."

"ಹೂಂ."

"ನಾಕನೇದು ಯಾರದು?"

ನೀಲವ್ವನ ಮಾತು ಕೂಗಾಗಿ ಬಂತು.

"ನಾ ಯಾಕ್ರಿ? ಅವರು ತೆರದ್ರ ಒಬ್ಬ ಮನಷ್ಯಾ ತೆರದ ಅಂತಾರ. ನಾ ತೆರದ್ರ ಹೆಂಗಸು, ಚಳಿ ತಡೀಲಿಲ್ಲ ಅಂತಾರ! ಬಂದ ದಿನದಿಂದ ಹಲ್ಲು ಕಚ್ಚಿ ಕುಂತೀನಿ. ಬೆರಳು ಸೆಟದು ಜಪದ ಮಣಿ ಜಾರಿದ್ರೂ ಒಬ್ಬರಿಗೂ ತೋರಿಸಿಲ್ಲ. ಅದನ್ನ ಈಗ ಕೊಟ್ಟುಬಿಡ್ಲೇನು, ಅವರ ಕೈಗೆ?"

ಅಜ್ಜ ಸುಲಿದಿಟ್ಟ ಶೇಂಗಾದಲ್ಲಿ ಅರ್ಧ ಅವಳ ಅಂಗೈಗೆ ಹಾಕಿದರು.

"ತಿನ್ನು. ಬಿಸಿ ಐತಿ."

ಅವಳು ತಿನ್ನಲಿಲ್ಲ. ಮುಷ್ಟಿಯಲ್ಲಿ ಹಿಡಿದುಕೊಂಡೇ ಕೋಣೆಗೆ ಹೋದಳು.

ಹುಣ್ಣಿಮೆಯ ಬೆಳಿಗ್ಗೆ ಗಂಟೆ ಬಾರಿಸಿತು.

ನೀಲವ್ವನ ಕೈ ತಾನಾಗಿಯೇ ಹಿಡಿಕೆಗೆ ಹೋಯಿತು. ಅಭ್ಯಾಸ. ಸಾಲಿನ ಉದ್ದಕ್ಕೂ ಹಿಡಿಕೆಗಳು ತಿರುಗುವುದು ಕೇಳಿಸಿತು. ಅವಳು ಕೈಯನ್ನು ಸೆರಗಿನೊಳಗೆ ಸುತ್ತಿಕೊಂಡು, ಬಾಗಿಲು ಹಾಕಿಕೊಂಡು, ಹಾಲಿಗೆ ನಡೆದಳು.

ಎಲ್ಲರೂ ಕಣ್ಣು ಮುಚ್ಚಿದರು. ಕುತ್ತಿಗೆ ಬಿಗಿ ಹಿಡಿದು, ಇನ್ನೂ ಬಾರದ ಏಟಿಗೆ ಕಾದರು.

ಏಟು ಬರಲಿಲ್ಲ.

ನರಳಾಟವೂ ಬರಲಿಲ್ಲ. ವಾಲ್ವ್ ಮುಚ್ಚುವ ಪದ್ಧತಿ ಬಂದಂದಿನಿಂದ ಧ್ಯಾನದಲ್ಲಿ ಕೇಳಿಸದಿದ್ದ ಒಂದು ಸದ್ದು ಕೇಳಿಸಿತು. ಮಂಜುಗಡ್ಡೆಯ ಕೆಳಗೆ ನದಿ ಹರಿಯುವ ಸದ್ದು. ಸ್ವಲ್ಪ ಹೊತ್ತಿನ ಮೇಲೆ ಮಾಸ್ತರರು ಅಳುತ್ತಿರುವುದು ನೀಲವ್ವನಿಗೆ ಕಾಣಿಸಿತು. ಅವರ ಮುಖದಲ್ಲಿ ದುಃಖವಿರಲಿಲ್ಲ.

ಎರಡು ತಾಸು ಯಾರೂ ಅಲುಗಲಿಲ್ಲ.

ಧ್ಯಾನ ಮುಗಿಸಿ ಬಿಸಿಲಿಗೆ ಬಂದಾಗ, ಸಾಲಿನ ಮೂವತ್ತೊಂದು ಕಿಟಕಿಗಳ ಗಾಜಿನ ಮೇಲೆ ಮಂಜು ಬೆಳ್ಳಗೆ ಕಟ್ಟಿತ್ತು. ಕಡೆಯ ಕಿಟಕಿ ಮಾತ್ರ ಒದ್ದೆಯಾಗಿ ಹೊಳೆಯುತ್ತಿತ್ತು. ಗಾಜಿನ ಮೇಲಿಂದ ನೀರು ಗೆರೆಗೆರೆಯಾಗಿ ಇಳಿಯುತ್ತಿತ್ತು. ನೋಡದವರು ಯಾರೂ ಇರಲಿಲ್ಲ. ಒಬ್ಬ ಇನ್ನೊಬ್ಬನಿಗೆ ಮೊಣಕೈ ತಾಗಿಸಿದ.

ಗುರುಪಾದಯ್ಯ ಅವಳ ಬಾಗಿಲಿಗೆ ಬಂದ. ತೋಳಿನ ಮೇಲೆ ಎರಡು ಕಂಬಳಿ ಮಡಚಿ ಹಾಕಿಕೊಂಡಿದ್ದ.

"ಸದ್ದು ನಿಂತತಿ, ತಾಯಿ. ಚಲೋ ಆತು. ಕರಸಿದ ಮೇಸ್ತ್ರಿ ಬಸ್ಸಿನಾಗ ಬಂದಾನ, ಅವನ್ನ ತಿರುಗಿ ಕಳಸ್ತೀನಿ. ನೀವು ಇರ್ರಿ."

"ಯಾಕ ನಿಂತತಿ, ಗೊತ್ತೈತೇನ್ರಿ?"

"ಮೂವತ್ತೊಂದು ಮಂದಿ ಸಂಕಲ್ಪ." ಅವನು ಒದ್ದೆ ಕಿಟಕಿಯ ಕಡೆ ನೋಡಿ, ದನಿ ತಗ್ಗಿಸಿ, ನಿಜವಾದ ಕನಿಕರದಿಂದಲೇ ಹೇಳಿದ. "ನಿನ್ನೆ ನೀವು ಬಾಗಲ ಬಾಗಲ ಬಡದು, ನೀರಿಗೆ ದಾರಿ ಬೇಕು ಅಂತ ಹೇಳಿದ್ದು ಯಾಕ ಅಂತ ಈಗ ತಿಳೀತು. ಚಳಿ ಆಗತೈತಿ ಅಂತ ನೇರ ಹೇಳಬೇಕಿತ್ತು ತಾಯಿ, ಅಷ್ಟು ಸುತ್ತು ಯಾಕ? ನಾಚಿಕಿ ಬ್ಯಾಡ. ಇದನ್ನ ಹೊದಕೊಳ್ರಿ."

ಕಂಬಳಿಗಳನ್ನು ಹೊಸ್ತಿಲ ಮೇಲೆ ಇಟ್ಟು ಹೋದ.

ನೀಲವ್ವನ ಕಿವಿ ಕಾದವು. ಸ್ಪ್ಯಾನರನ್ನೂ ಎರಡು ಸೀರೆಯನ್ನೂ ಚೀಲಕ್ಕೆ ತುರುಕಿದಳು. ಕಂಬಳಿಗಳನ್ನು ಬಗಲಲ್ಲಿ ಹಿಡಿದು ದಂಡೆಗೆ ಇಳಿದಳು. ಕೆಳಗಿನ ರಸ್ತೆಯಲ್ಲಿ ಬಸ್ಸು ಒಮ್ಮೆ ಹಾರ್ನ್ ಹಾಕಿತು.

ಕಂಬಳಿಗಳನ್ನು ಅಜ್ಜನ ಕಾಲ ಬಳಿ ಒಗೆದಳು.

"ನೋಡ್ರಿ! ನೆಪ ಹುಡಿಕಿದೆ ಅಂತ. ಚಳಿಗೆ ಅಂಜಿ ಕಥಿ ಕಟ್ಟಿದೆ ಅಂತ. ಅಂವ ಬೈದಿದ್ರ ಬೈಸಿಕೊಳ್ತಿದ್ದೆ. ಅಂವ ಅಯ್ಯೋ ಪಾಪ ಅಂದ, ಅಜ್ಜಾರ! ಗದಗಿನಾಗ ಇಪ್ಪತ್ತು ವರ್ಷ ಯಾರ ಬಾಯಿಂದನೂ ಅದನ್ನ ಅನಿಸಿಕೊಂಡಿಲ್ಲ ನಾ."

"ಹೂಂ."

"ಈಗ ಹೋಗಿ ಎಲ್ಲಾರ ಮುಂದ ಹೇಳ್ರಿ, ಸದ್ದು ನಿಲ್ಲಿಸಿದಾಕಿ ಇಕಿ ಅಂತ. ಮಧ್ಯಾನ್ಹದಿಂದ ಮೌನ. ಆಮ್ಯಾಲ ನಲವತ್ತು ದಿನ ಹೇಳಾಕ ಆಗೂದಿಲ್ಲ."

"ಹೇಳಿದ್ರ ಏನಾಗತೈತಿ ಗೊತ್ತೇನು? ವಾಲ್ವ್ ತೆರದು ಹೆಸರು ಕೆಡಿಸಿಕೊಳ್ಳೂದ ದೊಡ್ಡ ತ್ಯಾಗ ಅಂತ ನಾಳಿಂದ ಮೂವತ್ತೆರಡೂ ತೆರದಿರತಾವು. ಯಾರದು ಹೆಚ್ಚು ಕೆಟ್ಟತಿ ಅಂತ ಜಗಳಾ ನಡೀತೈತಿ."

ಅವಳಿಗೆ ನಗು ಬರಬೇಕಿತ್ತು. ಬರಲಿಲ್ಲ.

"ಹಂಗಾದ್ರ ನನಗೇನು ಸಿಕ್ಕಿತು? ಬಂದಾಗ ಒಂದು ಹೆಸರಿತ್ತು. ಹಲ್ಲು ಕಚ್ಚಿ ಗಳಿಸಿದ್ದು. ಅದೂ ಹೋತು."

ಬಸ್ಸು ಎರಡನೆಯ ಸಲ ಹಾರ್ನ್ ಹಾಕಿತು. ಅಜ್ಜ ಒಂದು ಕಂಬಳಿ ಎತ್ತಿ, ಕೊಡವಿ, ತಾವೇ ಹೊದ್ದುಕೊಂಡರು. ಇನ್ನೊಂದನ್ನು ಅವಳ ಕಡೆ ಸರಿಸಿದರು.

"ಮೂವತ್ತೊಂದು ಮಂದಿ ಮೌನ ಈಗ ನಿನ್ನ ಆಸ್ತಿ, ನೀಲವ್ವ. ನಿನ್ನ ಹೆಸರು ಕೊಟ್ಟು ಕೊಂಡೀದಿ. ತುಟ್ಟಿ ಆತು ಅನ್ನಿಸಿದ್ರ ಬಸ್ಸು ಇನ್ನಾ ನಿಂತೈತಿ, ಹೋಗೂ ಮುಂದ ವಾಲ್ವ್ ಮುಚ್ಚಿ ಹೋಗು."